ಎತ್ತುವ ಕೈ, ಹೊರುವ ಹೆಗಲು

ಕಳೆದ ದೀಪಾವಳಿಗೆ ಬಂದಿದ್ದ ನಮ್ಮ ಅಳಿಯಂದಿರು ಊಟ ಮುಗಿಸಿ, ಎಲೆಯಡಕೆಯ ತಟ್ಟೆಯ ಮುಂದೆ ಕುಳಿತು, “ಮಾವ, ಶಿವಮೊಗ್ಗದ ಮನೆಯ ಕಾರು ಷೆಡ್ಡಿನಲ್ಲಿ ಒಂದು ಸಣ್ಣ ಗ್ಯಾರೇಜು ಮಾಡಿಕೊಳ್ಳಬೇಕೆಂದಿದ್ದೇನೆ. ಗಾಳಿಗೆ ಒಂದು ಕಂಪ್ರೆಸರು, ಕಾರು ಎತ್ತುವುದಕ್ಕೆ ಒಂದು ಒಳ್ಳೆಯ ಜಾಕು, ಇವೆರಡು ಬೇಕು. ನೀವೂ ಅಂಗಡಿಗೆ ಬಂದರೆ ಚೆನ್ನಾಗಿತ್ತು” ಎಂದರು. ಇಪ್ಪತ್ತೆಂಟು ವರ್ಷಗಳಿಂದ ಪ್ರೌಢಶಾಲೆಯ ಮಕ್ಕಳಿಗೆ ಸಂಧಿ ಸಮಾಸಗಳನ್ನು ಹೇಳಿಕೊಡುತ್ತ ಬಂದಿರುವ ನನಗೂ ಗ್ಯಾರೇಜಿಗೂ ಯಾವ ಸಂಧಿಯೆಂದು ಯೋಚಿಸುತ್ತಿರುವಾಗಲೇ ಒಳಗಿನಿಂದ ನಮ್ಮ ಮನೆಯವರ ಧ್ವನಿ ಕೇಳಿಸಿತು: “ಅವಶ್ಯವಾಗಿ ಕರೆದುಕೊಂಡು ಹೋಗಿ. ಒಮ್ಮೆ ಕಾರಿನಡಿ ಸಿಕ್ಕಿಬೀಳುವುದರಲ್ಲಿದ್ದವರು. ಜಾಕನ್ನು ಮಾತ್ರ ನೋಡಿ ಆರಿಸುತ್ತಾರೆ.”

ಆ ಕಥೆ ಮುಂದೆ ಬರುತ್ತದೆ. ಮೊದಲು ವಿಷಯಕ್ಕೆ ಬರೋಣ. ಈಗ ನಮ್ಮ ಊರುಗಳಲ್ಲಿ ಬೀದಿಗೆ ನಾಲ್ಕಾರು ಮನೆಗಳ ಮುಂದೆ ಕಾರು ನಿಂತಿರುತ್ತದೆ. ಭಾನುವಾರ ಬೆಳಗ್ಗೆ ಬಾನುಲಿಯನ್ನು ಕಿಟಕಿಯಲ್ಲಿಟ್ಟುಕೊಂಡು, ತೋಳು ಮಡಿಸಿ, ತಾವೇ ಚಕ್ರ ಬಿಚ್ಚಿ ಬ್ರೇಕು ನೋಡಿಕೊಳ್ಳುವ, ಎಂಜಿನ್ ಎಣ್ಣೆ ಬದಲಾಯಿಸಿಕೊಳ್ಳುವ ಗೃಹಸ್ಥರೂ ಇದ್ದಾರೆ. ತನ್ನ ವಸ್ತುವನ್ನು ತನ್ನ ಕೈಯಿಂದಲೇ ಸರಿಪಡಿಸಿಕೊಳ್ಳುವುದರಲ್ಲಿ ಒಂದು ಸುಖವುಂಟು. ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಅಂಗಡಿಯಲ್ಲಿ “ಎಷ್ಟು ಎಚ್‌ಪಿ ಬೇಕು, ಎಷ್ಟು ಟನ್ ಬೇಕು?” ಎಂದು ಕೇಳಿದೊಡನೆ ನಮಗೆ ತೋಚುವ ಉತ್ತರ “ಸ್ವಲ್ಪ ದೊಡ್ಡದೇ ಇರಲಿ” ಎಂಬುದು. ದೊಡ್ಡದೆಲ್ಲ ಒಳ್ಳೆಯದಲ್ಲ, ಒಳ್ಳೆಯದೆಲ್ಲ ನಮಗೆ ಬೇಕಾದುದೂ ಅಲ್ಲ. ಯಂತ್ರ ಏನು ಮಾಡುತ್ತದೆಂಬುದನ್ನು ಅರಿತರೆ, ಯಾವುದು ಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಕಂಪ್ರೆಸರ್ ನಮಗೆ ತೀರ ಹೊಸದೇನಲ್ಲ. ಕಮ್ಮಾರನ ಕುಲುಮೆಯ ತಿದಿಯನ್ನು ನೋಡಿದವರಿಗೆ ಅದರ ಅರ್ಧ ಗೊತ್ತು. ತಿದಿ ಗಾಳಿಯನ್ನು ಒಳಕ್ಕೆಳೆದು ಒತ್ತಿ ಹೊರಕ್ಕೆ ನೂಕುತ್ತದೆ, ಕೂಡಿಡುವುದಿಲ್ಲ. ಕಂಪ್ರೆಸರಿನಲ್ಲಿ ತಿದಿಯ ಸ್ಥಾನದಲ್ಲಿ ಮೋಟಾರಿನಿಂದ ನಡೆಯುವ ಪಿಸ್ಟನ್ ಇದೆ. ಅದರ ಜೊತೆಗೆ ಒಂದು ಕಣಜವಿದೆ. ಆ ಕಣಜವೇ ಟ್ಯಾಂಕು. ಗಾಳಿಯ ಜಾಗವನ್ನು ಅರ್ಧಕ್ಕೆ ಇಳಿಸಿದರೆ ಅದರ ಒತ್ತಡ ಎರಡರಷ್ಟಾಗುತ್ತದೆಂದು ರಾಬರ್ಟ್ ಬಾಯ್ಲ್ ೧೬೬೨ರಲ್ಲಿ ತೋರಿಸಿಕೊಟ್ಟನು. ಮನೆಯ ಕಂಪ್ರೆಸರು ಸಾಮಾನ್ಯವಾಗಿ ೮ ಬಾರ್ ಒತ್ತಡದವರೆಗೆ ತುಂಬಿಕೊಂಡು ತಾನಾಗಿ ನಿಲ್ಲುತ್ತದೆ. ಒಂದು ಬಾರ್ ಎಂದರೆ ಪೆಟ್ರೋಲು ಬಂಕಿನ ಲೆಕ್ಕದಲ್ಲಿ ೧೪.೫ ಪೌಂಡು. “ಮೂವತ್ತು ಹಾಕಪ್ಪ” ಎಂದು ನಾವು ಹೇಳುವ ಮೂವತ್ತು, ಸುಮಾರು ಎರಡು ಬಾರ್.

ಕಂಪ್ರೆಸರಿನ ಮೇಲೆ ಅನೇಕ ಅಂಕಿಗಳನ್ನು ಬರೆದಿರುತ್ತಾರೆ. ಅವನ್ನು ಸಂಸಾರದ ಲೆಕ್ಕಕ್ಕೆ ಹೋಲಿಸಿದರೆ ಸುಲಭ. ಯಂತ್ರ ನಿಮಿಷಕ್ಕೆ ಎಷ್ಟು ಲೀಟರು ಗಾಳಿ ಕೊಡುತ್ತದೋ ಅದು ತಿಂಗಳ ಸಂಬಳ. ಟ್ಯಾಂಕು ಕೂಡಿಟ್ಟ ಹಣ. ನಾವು ಹಿಡಿಯುವ ಉಪಕರಣ ಖರ್ಚು. ಸಂಬಳಕ್ಕಿಂತ ಖರ್ಚು ಹೆಚ್ಚಾದರೆ ಕೂಡಿಟ್ಟದ್ದು ಎಷ್ಟೇ ಇರಲಿ, ಕರಗಿಹೋಗುತ್ತದೆ. ಟ್ಯಾಂಕು ದೊಡ್ಡದಾದರೆ ಬರಿದಾಗುವುದು ಸ್ವಲ್ಪ ತಡವಾಗುತ್ತದೆ, ಅಷ್ಟೆ. ಆದ್ದರಿಂದ ದೊಡ್ಡ ಟ್ಯಾಂಕನ್ನು ಕಂಡು ಮರುಳಾಗದೆ, “ನಿಮಿಷಕ್ಕೆ ಎಷ್ಟು ಲೀಟರು?” ಎಂದು ಮೊದಲು ಕೇಳಬೇಕು. ಒಂದು ಎಚ್‌ಪಿ ಮೋಟಾರು ಕೆಲಸದ ಒತ್ತಡದಲ್ಲಿ ನಿಮಿಷಕ್ಕೆ ಸರಿಸುಮಾರು ನೂರು ಲೀಟರು ಗಾಳಿ ಕೊಟ್ಟೀತು. ಎರಡು ಎಚ್‌ಪಿಯದು ಇನ್ನೂರು. ಗಾಳಿಯಿಂದ ಚಕ್ರದ ನಟ್ಟು ಬಿಚ್ಚುವ ಗನ್ನು ಬಿಟ್ಟು ಬಿಟ್ಟು ನಡೆಯುವಂಥದು. ಅದಕ್ಕೆ ನಿಮಿಷಕ್ಕೆ ೧೨೦ ರಿಂದ ೧೫೦ ಲೀಟರು ಸಾಕು. ಕಾರಿಗೆ ಬಣ್ಣ ಹೊಡೆಯುವ ಗನ್ನಿಗೆ ೨೫೦ ರಿಂದ ೩೫೦ ಲೀಟರು ಬೇಕು, ಅದೂ ಎಡೆಬಿಡದೆ. ಒಂದು ಎಚ್‌ಪಿ ಯಂತ್ರ ತಂದು ಕಾರಿನ ಬಾಗಿಲಿಗೆ ಬಣ್ಣ ಹೊಡೆಯಲು ಹೊರಟವನು ಅರ್ಧ ಬಾಗಿಲಿಗೆ ನಿಂತು ಕಾಯಬೇಕಾಗುತ್ತದೆ.

ಬರಿಯ ಟೈರಿಗೆ ಗಾಳಿ ತುಂಬುವುದಕ್ಕೆ ಎಷ್ಟು ಬೇಕು? ಸಣ್ಣ ಕಾರಿನ ಟೈರಿನ ಒಳಜಾಗ ಸುಮಾರು ೨೫ ಲೀಟರು. ಪೂರ್ಣ ಇಳಿದುಹೋದ ಟೈರನ್ನು ಎರಡು ಬಾರಿಗೆ ತರಲು ಹೊರಗಿನ ಗಾಳಿ ೫೦ ಲೀಟರು ಬೇಕು. ೫೦ ಲೀಟರಿನ ಟ್ಯಾಂಕು ೮ ಬಾರಿನಿಂದ ೩ ಬಾರಿಗೆ ಇಳಿಯುವಷ್ಟರಲ್ಲಿ ೨೫೦ ಲೀಟರು ಗಾಳಿ ಬಿಡುತ್ತದೆ. ಎಂದರೆ ಮೋಟಾರು ನಡೆಯದೆಯೇ ಐದು ಖಾಲಿ ಟೈರುಗಳು ತುಂಬುತ್ತವೆ. ಆದರೆ ಮನೆಯಲ್ಲಿ ನಾವು ಮಾಡುವ ಕೆಲಸ ಹೆಚ್ಚಾಗಿ ತಿಂಗಳಿಗೊಮ್ಮೆ ನಾಲ್ಕು ಪೌಂಡು ಸೇರಿಸುವುದು. ಅದಕ್ಕೆ ಟೈರೊಂದಕ್ಕೆ ಏಳು ಲೀಟರು ಗಾಳಿ ಸಾಕು! ಇಷ್ಟೇ ಆದರೆ ಕಾರಿನ ೧೨ ವೋಲ್ಟಿನ ಬ್ಯಾಟರಿಯಿಂದ ನಡೆಯುವ, ಡಬರಿಯಷ್ಟು ದೊಡ್ಡ ಪಂಪೊಂದೇ ಧಾರಾಳ. ಟ್ಯಾಂಕಿನ ಯಂತ್ರ ಬೇಕಾಗುವುದು ಗಾಳಿಯ ಉಪಕರಣಗಳನ್ನು ಬಳಸುವವರಿಗೆ ಮಾತ್ರ.

ಅಂಗಡಿಯ ಕಾಗದದ ಮೇಲಿನ ಅಂಕಿಯನ್ನು ಹಾಗೆಯೇ ನಂಬಕೂಡದು. ಪಿಸ್ಟನ್ ಒಂದು ನಿಮಿಷದಲ್ಲಿ ಎಷ್ಟು ಜಾಗವನ್ನು ಸವೆಸುತ್ತದೆಂಬ ಅಂಕಿಯನ್ನೇ ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕುವ ರೂಢಿಯಿದೆ. ಕೊಳವೆಯ ತುದಿಗೆ ನಿಜವಾಗಿ ಬರುವುದು ಅದರ ಮೂರರಲ್ಲಿ ಎರಡು ಪಾಲಿನಷ್ಟು. ಇದನ್ನು ಪರೀಕ್ಷಿಸಲು ಎಂಜಿನಿಯರಾಗಬೇಕಿಲ್ಲ, ಕೈಗಡಿಯಾರವಿದ್ದರೆ ಸಾಕು. ಖಾಲಿ ಟ್ಯಾಂಕನ್ನು ತುಂಬಿಸಲು ಹೇಳಿ. ೫೦ ಲೀಟರಿನ ಟ್ಯಾಂಕು ೮ ಬಾರ್ ಮುಟ್ಟುವಾಗ ೪೦೦ ಲೀಟರು ಗಾಳಿ ಒಳಹೋಗಿರುತ್ತದೆ. ನಾಲ್ಕು ನಿಮಿಷ ಹಿಡಿದರೆ ನಿಮಿಷಕ್ಕೆ ನೂರು ಲೀಟರು. ಇನ್ನೊಂದು ಮಾತು: ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು ೯೨೦ ಮೀಟರು ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಹಜ ಒತ್ತಡವೇ ಹತ್ತರಲ್ಲೊಂದು ಪಾಲು ಕಡಿಮೆ. ಮಂಗಳೂರಿನಲ್ಲಿ ಬೇಗ ತುಂಬುವ ಯಂತ್ರ ಬೆಂಗಳೂರಿನಲ್ಲಿ, ಮಡಿಕೇರಿಯಲ್ಲಿ ಅಷ್ಟಷ್ಟು ತಡಮಾಡುತ್ತದೆ. ಅದು ಯಂತ್ರದ ದೋಷವಲ್ಲ.

ಇನ್ನು ವಿದ್ಯುತ್ತಿನ ಸಂಗತಿ. ಮನೆಗೆ ಬರುವುದು ೨೩೦ ವೋಲ್ಟಿನ ಸಿಂಗಲ್ ಫೇಸು. ಎರಡು ಎಚ್‌ಪಿ ಮೋಟಾರು ನಡೆಯುವಾಗ ಹತ್ತು ಆಂಪಿಯರಿನ ಹತ್ತಿರ ಎಳೆಯುತ್ತದೆ. ಹೊರಡುವ ಕ್ಷಣದಲ್ಲಿ ಅದರ ನಾಲ್ಕೈದು ಪಟ್ಟು. ಆದ್ದರಿಂದ ಟೇಬಲ್ ಫ್ಯಾನಿನ ಪ್ಲಗ್ಗಿಗೆ ಇದನ್ನು ಸಿಕ್ಕಿಸಕೂಡದು. ೧೬ ಆಂಪಿಯರಿನ ದೊಡ್ಡ ಪ್ಲಗ್ಗು, ಅದಕ್ಕೆ ಪ್ರತ್ಯೇಕ ತಂತಿ, ಪ್ರತ್ಯೇಕ ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು. ತೆಳ್ಳಗಿನ ಉದ್ದ ತಂತಿಯಲ್ಲಿ ವೋಲ್ಟೇಜು ಇಳಿದು, ಮೋಟಾರು ತಿರುಗಲಾರದೆ ಗುಂಯ್‌ಗುಡುತ್ತ ಸುಟ್ಟುಹೋಗುತ್ತದೆ. ದೂರಕ್ಕೆ ಬೇಕಾದರೆ ಗಾಳಿಯ ಕೊಳವೆಯನ್ನು ಉದ್ದ ಮಾಡಿ, ವಿದ್ಯುತ್ ತಂತಿಯನ್ನಲ್ಲ. ಯಂತ್ರ ತುಂಬಿ ನಿಂತಾಗ ‘ಫುಸ್’ ಎಂದು ಒಂದಿಷ್ಟು ಗಾಳಿ ಹೊರಬಿಡುವುದನ್ನು ಅಂಗಡಿಯಲ್ಲೇ ಕಿವಿಗೊಟ್ಟು ಕೇಳಿ. ಆ ನಿಟ್ಟುಸಿರಿನಿಂದ ಪಿಸ್ಟನ್ನಿನ ತಲೆಯ ಮೇಲಿನ ಹೊರೆ ಇಳಿದು, ಮುಂದಿನ ಸಲ ಮೋಟಾರು ಸುಲಭವಾಗಿ ಹೊರಡುತ್ತದೆ.

ಎಣ್ಣೆ ಹಾಕುವ ಯಂತ್ರವೋ, ಎಣ್ಣೆ ಬೇಡದ ಯಂತ್ರವೋ? ಎಣ್ಣೆ ಬೇಡದ್ದು ಹಗುರ, ಆರೈಕೆ ಕಡಿಮೆ. ಆದರೆ ಆಯುಸ್ಸೂ ಕಡಿಮೆ. ಸಾಮಾನ್ಯವಾಗಿ ಗದ್ದಲವೂ ಹೆಚ್ಚು: ಅದು ಷೆಡ್ಡಿನಲ್ಲಿ ನಡೆಯುತ್ತಿದ್ದರೆ ನಡುಮನೆಯ ಬಾನುಲಿಯಲ್ಲಿ ವಾರ್ತೆ ಓದುವವರ ತುಟಿಯಲುಗಾಟವನ್ನು ಊಹಿಸಿಕೊಳ್ಳಬೇಕಷ್ಟೆ. ಬೆಲ್ಟಿನಿಂದ ನಡೆಯುವ, ಎಣ್ಣೆಯ ಯಂತ್ರ ಭಾರ. ಸಮನೆಲದ ಮೇಲೆ ಕೂರಬೇಕು, ಎಣ್ಣೆಯ ಮಟ್ಟವನ್ನು ಆಗಾಗ ನೋಡಬೇಕು. ಆದರೆ ನಿಧಾನವಾಗಿ ತಿರುಗುವುದರಿಂದ ಬಹಳ ಕಾಲ ಬಾಳುತ್ತದೆ. ವಾರವಾರ ಬಳಸುವವರಿಗೆ ಇದು, ಎಂದಾದರೊಮ್ಮೆ ಬಳಸುವವರಿಗೆ ಅದು.

ಇನ್ನೊಂದು ಮುಖ್ಯ ವಿಷಯ ನೀರು. ಗಾಳಿಯ ಯಂತ್ರದಲ್ಲಿ ನೀರೆಲ್ಲಿಂದ ಬಂತು ಎನ್ನುವಿರೋ? ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಆಷಾಢದ ಗಾಳಿಯೆಂದರೆ ಅರ್ಧ ನೀರೇ. ೨೫ ಡಿಗ್ರಿ ಉಷ್ಣತೆಯಲ್ಲಿ ಒಂದು ಘನ ಮೀಟರು ಗಾಳಿ ಹೆಚ್ಚೆಂದರೆ ೨೩ ಗ್ರಾಂ ನೀರಾವಿಯನ್ನು ಹಿಡಿದುಕೊಂಡೀತು. ಅಂಥ ಒಂಬತ್ತು ಘನ ಮೀಟರು ಒದ್ದೆ ಗಾಳಿಯನ್ನು ಒಂದೇ ಘನ ಮೀಟರಿಗೆ ಅಡಗಿಸಿದರೆ, ತಣಿದ ಮೇಲೂ ಅದು ಹಿಡಿದುಕೊಳ್ಳುವುದು ಅದೇ ೨೩ ಗ್ರಾಂ. ಉಳಿದ ೧೮೦ ಗ್ರಾಮಿನಷ್ಟು ನೀರಾಗಿ ಟ್ಯಾಂಕಿನ ತಳ ಸೇರುತ್ತದೆ. ತಳದ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. ಆದ್ದರಿಂದ ಕೆಲಸ ಮುಗಿದ ಪ್ರತಿ ದಿನವೂ ಟ್ಯಾಂಕಿನಡಿಯ ಸಣ್ಣ ನಲ್ಲಿಯನ್ನು ತಿರುಗಿಸಿ ನೀರು ಬಿಡಬೇಕು. ಕೊಳ್ಳುವಾಗ ಆ ನಲ್ಲಿ ಕೈಗೆ ಎಟುಕುವಂತಿದೆಯೇ ನೋಡಿ. ಎಟುಕದ ನಲ್ಲಿಯನ್ನು ಯಾರೂ ತಿರುಗಿಸುವುದಿಲ್ಲ. ಒತ್ತಡ ಮೀರಿದಾಗ ತಾನಾಗಿ ತೆರೆದುಕೊಳ್ಳುವ ಸೇಫ್ಟಿ ವಾಲ್ವಿನ ಉಂಗುರವನ್ನು ಆಗಾಗ ಎಳೆದು, ಅದು ಬದುಕಿದೆಯೇ ಎಂದು ಪರೀಕ್ಷಿಸಬೇಕು. ತೂತಾದ ಟ್ಯಾಂಕಿಗೆ ಬೆಸುಗೆ ಹಾಕಿಸಿ ಬಳಸುವ ಉಳಿತಾಯ ಬೇಡ. ೫೦ ಲೀಟರಿನ ತುಂಬಿದ ಟ್ಯಾಂಕಿನಲ್ಲಿ ಅಡಗಿರುವ ಶಕ್ತಿ, ಒಂದು ಸಣ್ಣ ಕಾರನ್ನು ಆಳೆತ್ತರಕ್ಕಿಂತಲೂ ಮೇಲಕ್ಕೆ ಎತ್ತುವಷ್ಟು. ಅದು ಮೆಲ್ಲಮೆಲ್ಲನೆ ಹೊರಬಂದರೆ ಸೇವಕ; ಒಮ್ಮೆಲೇ ಬಂದರೆ ಸಿಡಿಮದ್ದು.

ಅದೇ ಕಾರಣದಿಂದ ನೀರಿನ ಪಿವಿಸಿ ಪೈಪಿನಲ್ಲಿ ಗಾಳಿಯನ್ನು ಹಾಯಿಸಕೂಡದು. ನೀರಿನ ಪೈಪು ಒಡೆದರೆ ನೆಲ ಒದ್ದೆಯಾಗುತ್ತದೆ. ಗಾಳಿ ತುಂಬಿದ ಪಿವಿಸಿ ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ಗಾಳಿಯ ಕೊಳವೆಯನ್ನು ಯಾರ ಮೈಗೂ ಹಿಡಿಯಬಾರದು; ಬಟ್ಟೆಯ ಧೂಳು ಹಾರಿಸಿಕೊಳ್ಳುವುದಕ್ಕೂ ಬೇಡ, ತಮಾಷೆಗಂತೂ ಬೇಡವೇ ಬೇಡ. ಒಳಹೊಕ್ಕ ಗಾಳಿ ಕರುಳನ್ನೇ ಹರಿಯುತ್ತದೆ. ೨೦೨೪ರ ಮಾರ್ಚಿಯಲ್ಲಿ ಬೆಂಗಳೂರಿನ ಒಂದು ವಾಹನ ಸರ್ವೀಸ್ ಕೇಂದ್ರದಲ್ಲಿ ಗೆಳೆಯರ ನಡುವಿನ ಇಂಥದೊಂದು ಹುಡುಗಾಟ ಒಬ್ಬ ಯುವಕನ ಪ್ರಾಣ ತೆಗೆದುದನ್ನು ಪತ್ರಿಕೆಗಳಲ್ಲಿ ಓದಿದೆವು. ಮಕ್ಕಳಿರುವ ಮನೆಯಲ್ಲಿ ಯಂತ್ರವನ್ನು ತಂದ ದಿನವೇ ಈ ಮಾತನ್ನು ಹೇಳಿಬಿಡಬೇಕು.

ಗಾಳಿಯ ಮಾತು ಇಷ್ಟು ಸಾಕು. ಈಗ ಎತ್ತುವ ಮಾತು.

ಇಂಗ್ಲಿಷಿನಲ್ಲಿ ಜ್ಯಾಕ್ ಎಂಬುದು ಸಾಮಾನ್ಯ ಆಳುಮಗನ ಹೆಸರಾಗಿತ್ತು. ಆಳಿನ ಕೆಲಸ ಮಾಡುವ ಸಲಕರಣೆಗೂ ಅದೇ ಹೆಸರು ಅಂಟಿಕೊಂಡು, ನಮ್ಮಲ್ಲಿ ಜಾಕು, ಜಾಕಿ ಎಂದಾಯಿತು. ಒಂದು ಟನ್ ಭಾರವನ್ನು ಒಂದು ಕೈಯಿಂದ ಎತ್ತಿಸುವ ಈ ಆಳಿನ ಗುಟ್ಟೇನು? ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ೧೭ನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ಹೇಳಿದನು. ೧೭೯೫ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಅದೇ ತತ್ತ್ವದ ಮೇಲೆ ನಡೆಯುವ ಒತ್ತುಯಂತ್ರಕ್ಕೆ ಪೇಟೆಂಟು ಪಡೆದನು. ಜಾಕಿನ ಒಳಗೆ ಒಂದು ಸೆಂಟಿಮೀಟರು ಅಡ್ಡಳತೆಯ ಸಣ್ಣ ಪಿಸ್ಟನ್ನೂ ನಾಲ್ಕು ಸೆಂಟಿಮೀಟರಿನ ದೊಡ್ಡ ಪಿಸ್ಟನ್ನೂ ಇವೆಯೆಂದುಕೊಳ್ಳಿ. ದೊಡ್ಡದರ ಮುಖ ಹದಿನಾರು ಪಟ್ಟು ವಿಸ್ತಾರ. ಬಲವೂ ಹದಿನಾರು ಪಟ್ಟು. ಹಿಡಿಯೇ ಒಂದು ಸನ್ನೆಗೋಲು. ಅದರಿಂದ ಇಪ್ಪತ್ತು ಪಟ್ಟು. ಎರಡೂ ಗುಣಿಸಿ ೩೨೦. ಏಳು ಕಿಲೋ ಭಾರದಷ್ಟು ಕೈ ಊರಿದರೆ ಎರಡು ಸಾವಿರ ಕಿಲೋ ಮೇಲೇಳುತ್ತದೆ. ಆದರೆ ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ತೆರಬೇಕು: ಹಿಡಿಯನ್ನು ಎಷ್ಟೋ ಸಲ ಆಡಿಸಿದರೆ ಕಾರು ಒಂದು ಗೇಣು ಏಳುತ್ತದೆ. ಮತ್ತು ಅಷ್ಟು ಭಾರವೂ ನಿಂತಿರುವುದು ಒಂದು ಹಿಡಿಯಷ್ಟು ಎಣ್ಣೆಯ ಮೇಲೆ. ಆ ಎಣ್ಣೆಯನ್ನು ತಡೆದಿರುವುದು ಬೆರಳಿನ ಉಂಗುರದಂಥ ಒಂದು ರಬ್ಬರು ಬಳೆ. ಇದನ್ನು ಓದುಗರು ಮರೆಯಬಾರದು.

ಕಾರಿನ ಜೊತೆಗೇ ಬರುವ, ಕತ್ತರಿಯಂತೆ ಮಡಿಸುವ ಸ್ಕ್ರೂ ಜಾಕು ದಾರಿಯಲ್ಲಿ ಪಂಕ್ಚರಾದ ಚಕ್ರ ಬದಲಾಯಿಸುವುದಕ್ಕೆ ಮಾತ್ರ. ಸೀಸೆಯಾಕಾರದ ಬಾಟಲ್ ಜಾಕು ಬಲಶಾಲಿ. ಆದರೆ ನಿಂತಾಗಲೇ ಎತ್ತರವಿರುವುದರಿಂದ ತಗ್ಗಾದ ಕಾರಿನಡಿ ಹೋಗುವುದಿಲ್ಲ, ಪಾದವೂ ಕಿರಿದು. ಮನೆಯ ಗ್ಯಾರೇಜಿಗೆ ಯೋಗ್ಯವಾದುದು ನಾಲ್ಕು ಗಾಲಿಗಳ ಟ್ರಾಲಿ ಜಾಕು. ಸಣ್ಣ ಕಾರಿನ ತೂಕ ೮೦೦ ರಿಂದ ೧೦೦೦ ಕಿಲೋ. ಒಮ್ಮೆಗೆ ಎತ್ತುವುದು ಅದರ ಒಂದು ಕೊನೆಯನ್ನು ಮಾತ್ರ. ಎರಡು ಟನ್ನಿನ ಜಾಕು ಇದಕ್ಕೆ ಸಾಲುತ್ತದೆ. ಎರಡು ಸಾವಿರ ಕಿಲೋ ಮೀರುವ ದೊಡ್ಡ ಗಾಡಿಯಿದ್ದರೆ ಮೂರು ಟನ್ನಿನದು. ಟನ್ನಿಗಿಂತಲೂ ಮುಖ್ಯವಾಗಿ ಎರಡು ಅಳತೆಗಳನ್ನು ನೋಡಬೇಕು: ತಗ್ಗಿಸಿದಾಗ ನಿಮ್ಮ ಕಾರಿನಡಿ ನುಗ್ಗುವುದೇ? ಎತ್ತಿದಾಗ ಬೇಕಾದಷ್ಟು ಎತ್ತರ ಹೋಗುವುದೇ? ಮನೆಯಿಂದ ಹೊರಡುವಾಗಲೇ ಅಳತೆಪಟ್ಟಿ ಹಿಡಿದು ಕಾರಿನಡಿಯ ಎತ್ತರವನ್ನು ಬರೆದುಕೊಂಡು ಹೋಗುವುದು ಜಾಣತನ.

ಜಾಕನ್ನು ಆರಿಸುವವನು ನೆಲವನ್ನೂ ನೋಡಬೇಕು. ಟ್ರಾಲಿ ಜಾಕಿನ ತೋಳು ನೇರವಾಗಿ ಏಳದೆ ಕಮಾನಿನಂತೆ ಏಳುತ್ತದೆ. ಆಗ ಗಾಲಿಗಳು ಉರುಳಿ ಜಾಕು ತಾನೇ ತುಸು ಸರಿಯಬೇಕು. ಜಲ್ಲಿಯ ಮೇಲೆ ಗಾಲಿ ಉರುಳುವುದಿಲ್ಲ. ಜಾಕಿನ ತಲೆಯ ಬಟ್ಟಲೇ ಜಾರುತ್ತದೆ. ನಮ್ಮ ಷೆಡ್ಡುಗಳಲ್ಲಿ ಮರಳಿನ ಮೇಲೆ ಕಡಪ ಕಲ್ಲು ಹಾಸಿರುವುದುಂಟು, ಹೊಳೆಯುವ ಟೈಲ್ಸ್ ಹಾಕಿರುವುದೂ ಉಂಟು. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುವ ಕಡೆ ಜಾಕಿಟ್ಟರೆ ಕಲ್ಲು ಬಿರಿಯುತ್ತದೆ. ಗಟ್ಟಿ ಕಾಂಕ್ರೀಟು ನೆಲವೇ ಸರಿ. ಮಣ್ಣಿನ ನೆಲದಲ್ಲಿ ಜಾಕಿಟ್ಟರೆ ಏನಾಗುತ್ತದೆಂಬುದನ್ನು ನಾನು ಓದಿ ತಿಳಿದವನಲ್ಲ.

೧೯೯೯ರ ಮಳೆಗಾಲ. ಸಾಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಕೈ ಬದಲಾಯಿಸಿದ ಹಳೆಯ ಕಾರೊಂದನ್ನು ಹೊಸದಾಗಿ ಕೊಂಡಿದ್ದೆ. ಸೈಲೆನ್ಸರು ಗಡಗಡ ಎನ್ನುತ್ತಿದ್ದುದರಿಂದ, ಒಂದು ಭಾನುವಾರ ಮಳೆ ಬಿಟ್ಟ ಸಮಯ ನೋಡಿ, ಅಂಗಳದಲ್ಲಿ ಜಾಕು ಕೊಟ್ಟು, ಹಿಂದಿನ ಒಂದು ಚಕ್ರ ಬಿಚ್ಚಿ, ಗೋಣಿತಾಟು ಹಾಸಿಕೊಂಡು ಕೆಳಗೆ ನುಸುಳಿದೆ. ಬೀದಿಯ ಕೊನೆಯಲ್ಲಿ ಅಂಗಡಿ ಇಟ್ಟಿದ್ದ ಮೇಸ್ತ್ರಿ ಸೈಕಲ್ಲಿನಲ್ಲಿ ಹೋಗುತ್ತಿದ್ದವರು ನಿಂತರು. “ಮೇಷ್ಟ್ರೇ, ಒಂದು ನಿಮಿಷ ಹೊರಗೆ ಬನ್ನಿ” ಎಂದರು. ಬಂದೆ. ಅವರು ಮಾತಿಲ್ಲದೆ ಡಿಕ್ಕಿಯಿಂದ ಸ್ಟೆಪ್ನಿ ತೆಗೆದು, ಬಿಚ್ಚಿಟ್ಟಿದ್ದ ಚಕ್ರದ ಮೇಲೆ ಮಲಗಿಸಿ, ಎರಡನ್ನೂ ಕಾರಿನ ಅಂಚಿನ ಕೆಳಗೆ ತಳ್ಳಿದರು. “ಅದೇಕೆ?” ಎಂದೆ. “ಏನಿಲ್ಲ ಮೇಷ್ಟ್ರೇ, ಇರಲಿ” ಎಂದು ಸೈಕಲ್ ಹತ್ತಿ ಹೋದರು. ನನ್ನ ಜಾಕಿನ ಮೇಲೆ ಇವರಿಗೆ ನಂಬಿಕೆಯಿಲ್ಲವೆಂದು ನನಗೆ ತುಸು ಬೇಸರವೇ ಆಯಿತು. ಮತ್ತೆ ನುಸುಳಿದೆ. ಹತ್ತು ನಿಮಿಷವಾಗಿರಬಹುದು. ನೆನೆದ ಮಣ್ಣಿನಲ್ಲಿ ಜಾಕಿನ ಪಾದ ಒಂದು ಬದಿಗೆ ಹೂತು, ಜಾಕು ವಾಲಿ, ಕಾರು ಒಮ್ಮೆಲೇ ಇಳಿದು ಆ ಎರಡು ಚಕ್ರಗಳ ಮೇಲೆ ಕುಳಿತಿತು. ನನ್ನ ಎದೆಗೂ ಕಬ್ಬಿಣಕ್ಕೂ ನಡುವೆ ನಾಲ್ಕು ಬೆರಳು ಉಳಿದಿತ್ತು. ಆ ದಿನ ನನ್ನ ಮಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ.

ಸ್ಟೆಪ್ನಿ ಎಂಬ ಪದ ಎಲ್ಲಿಯದೆಂದು ಆಮೇಲೆ ಹುಡುಕಿದೆ. ಅದು ವೇಲ್ಸ್ ನಾಡಿನ ಲಾನೆಲಿ ಎಂಬ ಊರಿನ ಒಂದು ಬೀದಿಯ ಹೆಸರು. ೧೯೦೪ರಲ್ಲಿ ಅಲ್ಲಿಯ ಡೇವಿಸ್ ಸೋದರರು ಕಾರುಗಳಿಗೆ ಹೆಚ್ಚುವರಿ ಚಕ್ರವನ್ನು ಮಾಡಿದರು. ಬೀದಿಯ ಹೆಸರು ಚಕ್ರಕ್ಕೆ ಬಂದು, ನಮ್ಮ ದೇಶದ ಮಾತಿನಲ್ಲಿ ಉಳಿದುಕೊಂಡಿತು. ಪದದ ಮೂಲ ತಿಳಿದ ಮೇಲೂ, ಮೇಸ್ತ್ರಿಯವರ ಆ “ಇರಲಿ” ಎಂಬ ಮಾತಿನ ಪೂರ್ಣ ಅರ್ಥ ತಿಳಿಯುವುದಕ್ಕೆ ನನಗೆ ಬಹುಕಾಲ ಬೇಕಾಯಿತು.

ಎತ್ತುವುದು ಬೇರೆ, ಹೊರುವುದು ಬೇರೆ. ಕನ್ನಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಧಾತುಗಳಿರುವುದು ಸುಮ್ಮನಲ್ಲ. ಎತ್ತುವುದು ಒಂದು ಗಳಿಗೆಯ ಕೆಲಸ. ಹೊರುವುದು ಇಳಿಸುವವರೆಗಿನ ಕೆಲಸ. ಜಾಕು ಎತ್ತುವುದಕ್ಕೆ ಹುಟ್ಟಿದ್ದು. ಹೊರುವುದಕ್ಕೆ ಜಾಕ್ ಸ್ಟ್ಯಾಂಡ್ ಎಂಬ ಉಕ್ಕಿನ ಮುಕ್ಕಾಲಿ ಅಥವಾ ನಾಲ್ಕು ಕಾಲಿನ ಆಸರೆ ಬೇರೆಯೇ ಉಂಟು. ಅದರಲ್ಲಿ ಎಣ್ಣೆಯಿಲ್ಲ, ರಬ್ಬರಿಲ್ಲ. ಹಲ್ಲು ಮತ್ತು ಕೀಲು ಮಾತ್ರ. ಶ್ರೀಕೃಷ್ಣ ಕಿರುಬೆರಳಿನಿಂದ ಗೋವರ್ಧನವನ್ನು ಎತ್ತಿ ಹಿಡಿದಾಗ ಗೋಪಾಲಕರು ತಮ್ಮ ಕೋಲುಗಳನ್ನೂ ಬೆಟ್ಟಕ್ಕೆ ಆನಿಸಿ ನಿಂತರೆಂದು ಕಥೆ ಹೇಳುವವರು ಹೇಳುತ್ತಾರೆ, ಕೇಳಿದವರು ನಗುತ್ತಾರೆ. ನಾನೂ ನಕ್ಕಿದ್ದೆ. ಈಗ ನಗುವುದಿಲ್ಲ. ಎತ್ತುವವನು ದೇವರಾದರೆ ಕೋಲು ಬೇಡ. ಎತ್ತುವುದು ಜಾಕಾದರೆ ಕೋಲು ಬೇಕೇ ಬೇಕು.

ಬಳಸುವ ಕ್ರಮ ಇಷ್ಟು. ಮೊದಲು ನೆಲದಲ್ಲೇ ಉಳಿಯುವ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಮರದ ಗಟ್ಟಿ ಆಪುಗಳನ್ನು ಕೊಡಬೇಕು. ಹ್ಯಾಂಡ್ ಬ್ರೇಕು ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುವುದರಿಂದ, ಹಿಂಭಾಗವನ್ನು ಎತ್ತಿದೊಡನೆ ಅದರ ಹಿಡಿತ ನಿಷ್ಪ್ರಯೋಜಕ. ಕಾರಿನ ಕೈಪಿಡಿಯಲ್ಲಿ ತೋರಿಸಿರುವ ಜಾಗಕ್ಕೇ ಜಾಕು ಕೊಟ್ಟು ಎತ್ತಿ, ಸ್ಟ್ಯಾಂಡುಗಳೆರಡನ್ನೂ ಒಂದೇ ಎತ್ತರಕ್ಕೆ ನಿಲ್ಲಿಸಿ, ಕೀಲು ಹಾಕಿ, ಜಾಕನ್ನು ಮೆಲ್ಲನೆ ಇಳಿಸಿ ಭಾರವನ್ನು ಅವುಗಳ ಮೇಲೆ ಕೂರಿಸಬೇಕು. ಆಮೇಲೆ ಎರಡೂ ಕೈಯಿಂದ ಕಾರನ್ನು ಜೋರಾಗಿ ಅಲುಗಿಸಬೇಕು. ಬೀಳುವುದಾದರೆ ನಾವು ಹೊರಗಿರುವಾಗಲೇ ಬೀಳಲಿ. ಬಿಚ್ಚಿದ ಚಕ್ರವನ್ನು ಮೇಸ್ತ್ರಿಯವರ ರೀತಿಯಲ್ಲಿ ಕೆಳಗೆ ಮಲಗಿಸಬೇಕು. ಸ್ಟ್ಯಾಂಡಿನ ಬದಲು ಇಟ್ಟಿಗೆಯನ್ನಾಗಲಿ ಸಿಮೆಂಟ್ ಬ್ಲಾಕನ್ನಾಗಲಿ ಇಡಲೇಕೂಡದು. ಮರ ಮುರಿಯುವ ಮುನ್ನ ನರಳುತ್ತದೆ. ಇಟ್ಟಿಗೆ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ.

ಕಾರನ್ನು ಪೂರ್ತಿ ತಲೆಯ ಮೇಲಕ್ಕೆತ್ತುವ ಎರಡು ಕಂಬಗಳ ಯಂತ್ರವನ್ನು ಕಂಡು ಆಸೆಪಡುವವರಿದ್ದಾರೆ. ಅದಕ್ಕೆ ಸಾಮಾನ್ಯವಾಗಿ ಹನ್ನೊಂದು ಹನ್ನೆರಡು ಅಡಿ ಎತ್ತರದ ಸೂರು, ಕಂಬಿ ಹಾಕಿದ ದಪ್ಪ ಕಾಂಕ್ರೀಟು ನೆಲ ಬೇಕು. ಒಂಬತ್ತಡಿ ಸೂರಿನ ನಮ್ಮ ಷೆಡ್ಡುಗಳಿಗೆ ಅದು ಹೇಳಿದ್ದಲ್ಲ. ಎಂಜಿನ್ ಇಳಿಸುವುದಕ್ಕೆ ಚೈನ್ ಪುಲ್ಲಿ ತರುವವರು ಅದನ್ನು ತೂಗುಹಾಕುವ ಜಾಗವನ್ನು ನೂರು ಸಲ ಯೋಚಿಸಬೇಕು. ಹಳೆಯ ಮನೆಗಳ ತೊಲೆಯಲ್ಲಿರುವ ಉಯ್ಯಾಲೆಯ ಕೊಂಡಿ, ತಾರಸಿಯಲ್ಲಿರುವ ಫ್ಯಾನಿನ ಕೊಂಡಿ, ಇವು ಎಂಜಿನ್ನಿಗಾಗಿ ಇಟ್ಟವಲ್ಲ. ತೊಟ್ಟಿಲು ತೂಗಿದ ಕೊಂಡಿಗೆ ತೊಟ್ಟಿಲನ್ನೇ ತೂಗುವುದು ಮೇಲು.

ಕೊನೆಗೆ ಅಂಗಡಿಗೆ ಹೋದೆವು. ಅಳಿಯಂದಿರ ಪಟ್ಟಿಯಲ್ಲಿ ಮೊದಲು ಎರಡು ಎಚ್‌ಪಿ ಕಂಪ್ರೆಸರು, ಆಮೇಲೆ ಮೂರು ಟನ್ನಿನ ಜಾಕು ಇದ್ದವು. ಸ್ಟ್ಯಾಂಡಿನ ಹೆಸರೇ ಇರಲಿಲ್ಲ. ನಾನು ಪಟ್ಟಿಯನ್ನು ತಿರುಗಿಸಿ ಓದಿದೆ. ಮೊದಲು ಒಂದು ಜೊತೆ ಸ್ಟ್ಯಾಂಡು, ನಾಲ್ಕು ಆಪು. ಆಮೇಲೆ ಎರಡು ಟನ್ನಿನ ಟ್ರಾಲಿ ಜಾಕು. ಆಮೇಲೆ ಗಾಳಿಯ ಒತ್ತಡ ಅಳೆಯುವ ಮೀಟರು, ೧೨ ವೋಲ್ಟಿನ ಪಂಪು. ಕಂಪ್ರೆಸರಿನ ಹತ್ತಿರ ಬಂದಾಗ, “ಬಣ್ಣ ಹೊಡೆಯುತ್ತೀರಾ?” ಎಂದು ಕೇಳಿದೆ. “ಇಲ್ಲ ಮಾವ” ಎಂದರು. “ದಿನವೂ ನಟ್ಟು ಬಿಚ್ಚುತ್ತೀರಾ?” “ವರ್ಷಕ್ಕೆ ಎರಡು ಸಲ.” ಅಂಗಡಿಯ ಹುಡುಗ ನನ್ನನ್ನು ಅಷ್ಟೇನೂ ಪ್ರೀತಿಯಿಂದ ನೋಡಲಿಲ್ಲ. ಕಂಪ್ರೆಸರು ಮುಂದಿನ ವರ್ಷಕ್ಕೆ ಉಳಿಯಿತು.

ಸಂಕ್ರಾಂತಿಗೆ ಶಿವಮೊಗ್ಗಕ್ಕೆ ಹೋಗಿದ್ದಾಗ ಷೆಡ್ಡಿನಲ್ಲಿ ಕೆಲಸ ನಡೆದಿತ್ತು. ಕಾರು ಸ್ಟ್ಯಾಂಡುಗಳ ಮೇಲಿತ್ತು. ಆಪುಗಳು ತಮ್ಮ ಜಾಗದಲ್ಲಿದ್ದವು. ಕೆಳಗಿನಿಂದ ಅಳಿಯಂದಿರ ಕಾಲುಗಳು ಮಾತ್ರ ಕಾಣುತ್ತಿದ್ದವು. ಪಕ್ಕದಲ್ಲಿ ಎರಡು ಚಕ್ರಗಳು ಒಂದರ ಮೇಲೊಂದು ಕಾರಿನ ಅಂಚಿನಡಿ ಮಲಗಿದ್ದವು. “ಸ್ಟ್ಯಾಂಡು ಇದೆಯಲ್ಲ, ಚಕ್ರ ಏಕೆ?” ಎಂದು ಬೇಕೆಂದೇ ಕೇಳಿದೆ. ಕೆಳಗಿನಿಂದ ಉತ್ತರ ಬಂತು: “ಏನಿಲ್ಲ ಮಾವ, ಇರಲಿ.”